ಆರು ಗುಂಟೆ ಸಿ.ಎ. (ನಾಗರಿಕ ಸೌಲಭ್ಯ) ನಿವೇಶನದಲ್ಲಿ ನಮ್ಮ ಕಲಾಭವನ ಎದ್ದ ಬಗೆ: ನನ್ನ ಅನುಭವ

ಕುಶಾಲನಗರದ ಹೊರವಲಯದ ಬಡಾವಣೆಯೊಂದರಲ್ಲಿ ನಮ್ಮ ಕಲಾ ಸಂಘದ ಅಭ್ಯಾಸ ಭವನ ಕಳೆದ ಹುತ್ತರಿಯ ಹೊತ್ತಿಗೆ ಬಾಗಿಲು ತೆರೆಯಿತು. ಲೇಔಟ್ ಮಾಡುವವರಿಂದ ಒಂದು ಚೀಲ ಸಿಮೆಂಟೂ ಹುಟ್ಟುವುದಿಲ್ಲವೆಂದು ಜಿಲ್ಲೆಯ ಬೇರೆ ಸಂಘಗಳ ಮಿತ್ರರು ಮೂರು ವರ್ಷ ಹೇಳುತ್ತಲೇ ಇದ್ದರು. ಅವರಲ್ಲಿ ಇಬ್ಬರು ಈಗ ನಮ್ಮ ಕರಾರು ಪತ್ರದ ಪ್ರತಿ ಕೇಳಿಕೊಂಡು ಬಂದಿರುವುದರಿಂದ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ. ಸಂಘದ ನೋಂದಣಿ, ವಾರ್ಷಿಕ ಲೆಕ್ಕಪತ್ರ ಇವೆಲ್ಲ ನಿಮಗೆ ತಿಳಿದದ್ದೇ ಆದ್ದರಿಂದ ಬಿಟ್ಟಿದ್ದೇನೆ.

ನಮ್ಮ ಸಂಕಟ ನಿಮಗೂ ಗೊತ್ತು. ಮಡಿಕೇರಿ ದಸರಾಕ್ಕೆ ತಾಲೀಮು ನಡೆಯಬೇಕಾದ ತಿಂಗಳುಗಳೇ ಮಳೆಯ ತಿಂಗಳುಗಳು. ಆಗ ಬಯಲಿನಲ್ಲಿ ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್ ಕಲಿಸುವಂತಿಲ್ಲ, ಕಲ್ಯಾಣ ಮಂಟಪದ ಬಾಡಿಗೆಯನ್ನು ವಾರಕ್ಕೆ ಮೂರು ದಿನ ಭರಿಸುವಂತಿಲ್ಲ.

ಮೊದಲ ವರ್ಷ ನಾವು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ, ಅಂದರೆ ನಗದು ದೇಣಿಗೆ ಕೇಳಿದೆವು. ಒಬ್ಬ ಡೆವಲಪರ್ ವೇದಿಕೆಯ ಮೇಲೆ ಎರಡು ಲಕ್ಷ ಘೋಷಿಸಿ, ಆರು ತಿಂಗಳು ಅಲೆಸಿದ ಮೇಲೆ ಇಪ್ಪತ್ತೈದು ಸಾವಿರ ಕೊಟ್ಟರು. ಮತ್ತೊಬ್ಬರು, "ಮೇಷ್ಟ್ರೇ, ಸೈಟು ಮಾರುವವನಿಗೆ ಕುಣಿತದ ಗೊಡವೆ ಯಾಕೆ?" ಎಂದು ನೇರವಾಗಿಯೇ ಕೇಳಿದರು. ಎರಡನೆಯ ವರ್ಷ ಸಿ.ಎಸ್.ಆರ್. ಹಣದ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ತೆಗೆದಿಡುವ ಹಣದ ಹಿಂದೆ ಬಿದ್ದು ಹನ್ನೊಂದು ತಿಂಗಳನ್ನೂ ಸುಮಾರು ನಲವತ್ತು ಸಾವಿರ ರೂಪಾಯಿಯನ್ನೂ ಕಳೆದೆವು. 2013ರ ಕಂಪನಿ ಕಾಯ್ದೆಯ 135ನೇ ಕಲಮು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ, ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಕಲೆ ಮತ್ತು ಸಂಸ್ಕೃತಿಯೂ ಸೇರಿದೆ ಎಂಬುದು ನಿಜ. ಆದರೆ ಐದು ಕೋಟಿ ನಿವ್ವಳ ಲಾಭ, ಸಾವಿರ ಕೋಟಿ ವಹಿವಾಟು ಅಥವಾ ಐನೂರು ಕೋಟಿ ನಿವ್ವಳ ಸಂಪತ್ತು, ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗೆ ಮಾತ್ರ ಅದು ಅನ್ವಯಿಸುತ್ತದೆ. ನಮ್ಮಲ್ಲಿ ಮೂರು ನಾಲ್ಕು ಎಕರೆ ಬಡಾವಣೆ ಮಾಡುವವರು ಆ ಮಟ್ಟದವರಲ್ಲ. ಆ ಮಟ್ಟದ ಒಂದು ಹೊರಗಿನ ಕಂಪನಿ ಸಿಕ್ಕಾಗ, ಇಂಥ ಹಣ ಪಡೆಯುವ ಸಂಸ್ಥೆಗಳಿಗೆ 2021ರ ಏಪ್ರಿಲ್ 1ರಿಂದ ಕಡ್ಡಾಯವಾದ ಸಿ.ಎಸ್.ಆರ್.-1 ನೋಂದಣಿ ನಮ್ಮಲ್ಲಿರಲಿಲ್ಲ.

ದಾರಿ ಕಂಡದ್ದು ಮೂರನೆಯ ನಿರಾಕರಣೆಯಲ್ಲಿ. ರೇರಾ, ಅಂದರೆ ಸೈಟು-ಮನೆಗಳ ಯೋಜನೆಗಳನ್ನು ನಿಯಂತ್ರಿಸುವ ಕಾಯ್ದೆಯ ಪ್ರಕಾರ ಖರೀದಿದಾರರಿಂದ ಬಂದ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕು, ಅದನ್ನು ಜಮೀನಿನ ಬೆಲೆಗೂ ಕಾಮಗಾರಿಗೂ ಹೊರತು ಬೇರೆಯದಕ್ಕೆ ತೆಗೆಯುವಂತಿಲ್ಲ, ಆದ್ದರಿಂದ ಕೊಡಲು ತನ್ನ ಕೈಯಲ್ಲಿ ಹಣವಿಲ್ಲ ಎಂದು ಆ ಡೆವಲಪರ್ ಪ್ರಾಮಾಣಿಕವಾಗಿ ವಿವರಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭವನವೇ ಬಡಾವಣೆಯ ಕಾಮಗಾರಿ ಪಟ್ಟಿಯೊಳಗೆ ಸೇರಿದರೆ ಏನಾಗುತ್ತದೆ ಎಂದು ಮರುದಿನ ನಮ್ಮ ಲೆಕ್ಕ ಪರಿಶೋಧಕರನ್ನು ಕೇಳಿದೆ. ಆಗ ಅದು ದಾನವಲ್ಲ, ಯೋಜನೆಯ ವೆಚ್ಚವೇ ಆಗುತ್ತದೆ ಎಂದರು.

ಅಲ್ಲಿಂದ ಹಣ ಕೇಳುವುದನ್ನೇ ನಿಲ್ಲಿಸಿ ಕೆಲಸ ಕೇಳತೊಡಗಿದೆವು. ಬಡಾವಣೆಯ ನಕ್ಷೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಜಾಗ ಸುಮಾರು ಆರು ಗುಂಟೆ ಇತ್ತು. ಅದನ್ನು ಪರಿತ್ಯಾಜನಾ ಪತ್ರದ (ಹಕ್ಕು ಬಿಡುವ ಪತ್ರ) ಮೂಲಕ ಬಡಾವಣೆಗೆ ಮಂಜೂರಾತಿ ಕೊಡುವ ಯೋಜನಾ ಪ್ರಾಧಿಕಾರಕ್ಕೆ ಬಿಟ್ಟುಕೊಡುವುದು ಡೆವಲಪರ್‌ಗೆ ಹೇಗೂ ತಪ್ಪದ ಕೆಲಸವಾದ್ದರಿಂದ, ಆ ಜಾಗ ಖಾಲಿ ಬಿದ್ದು ಕಸದ ಗುಂಡಿಯಾಗುವ ಬದಲು ಅಲ್ಲಿ ಭವನವಿದ್ದರೆ ಸುತ್ತಲಿನ ಸೈಟುಗಳಿಗೆ ಬೆಲೆ ಬರುತ್ತದೆ ಎಂಬುದನ್ನು ನಾನು ಅವರಿಗೆ ನಕ್ಷೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ತೋರಿಸಿದೆ. ಜಾಗ ಪ್ರಾಧಿಕಾರದ್ದು, ಪಾಯದಿಂದ ಚಾವಣಿಯವರೆಗಿನ ಕೆಲಸ ಡೆವಲಪರ್‌ದು, ಒಳಗಿನ ಕೆಲಸ ಮತ್ತು ನಿರ್ವಹಣೆ ನಮ್ಮದು ಎಂದು ಮೂರು ಕಡೆಯವರ ಕರಾರು ಆಯಿತು. ಪ್ರಾಧಿಕಾರ ನಮಗೆ ಕೊಟ್ಟ ಗುತ್ತಿಗೆ ಮೂವತ್ತು ವರ್ಷದ್ದು.

ಕಾಮಗಾರಿ ಮುಗಿದಂತೆ ಪ್ರಾಧಿಕಾರ ಸೈಟುಗಳನ್ನು ಮಾರಾಟಕ್ಕೆ ಹಂತಹಂತವಾಗಿ ಬಿಡುಗಡೆ ಮಾಡುವುದು ನಿಮಗೆ ಗೊತ್ತಿದೆ. ಎಲ್ಲ ಸೈಟು ಬಿಡುಗಡೆಯಾದ ಮೇಲೆ ಡೆವಲಪರ್ ಫೋನ್ ಎತ್ತುವುದಿಲ್ಲ, ಆದ್ದರಿಂದ ಕರಾರು ಅದಕ್ಕೂ ಮೊದಲೇ ಆಗಬೇಕು. ಇದಕ್ಕೆ ಸಂಬಂಧಿಸಿದ ನಮ್ಮ ಕರಾರಿನ ಏಳನೇ ಕಲಮಿನ ಒಕ್ಕಣೆಯನ್ನು ಮಾತ್ರ ಈಗ ಇಲ್ಲಿ ಬರೆಯಲಾರೆ, ಏಕೆಂದರೆ ಇನ್ನೊಂದು ಬಡಾವಣೆಯವರೊಡನೆ ನಮ್ಮ ಮಾತುಕತೆ ನಡೆದಿದೆ. ಲೇಔಟಿಗೆ ತಕರಾರು ಅರ್ಜಿ ಹಾಕುತ್ತೇವೆಂದು ಹೆದರಿಸಿದರೆ ಬೇಗ ಒಪ್ಪುತ್ತಾರೆ ಎಂದು ಹಿತೈಷಿಯೊಬ್ಬರು ಸಲಹೆ ಕೊಟ್ಟಿದ್ದರು. ಅದು ಸುಲಿಗೆ. ಅಂಥ ಹಣದಿಂದ ಎದ್ದ ಗೋಡೆಯೊಳಗೆ ಮಕ್ಕಳಿಗೆ ಕಲೆ ಕಲಿಸಲು ನನಗೆ ಮನಸ್ಸಿಲ್ಲ. ಇಂಗ್ಲೆಂಡಿನಲ್ಲಿ 1990ರ ಯೋಜನಾ ಕಾಯ್ದೆಯ 106ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರವೇ ಡೆವಲಪರ್‌ಗಳನ್ನು ಇಂಥ ಹೊಣೆಗೆ ಕರಾರಿನಿಂದ ಕಟ್ಟಿಹಾಕಬಹುದು. ನಮ್ಮ ಕೈಯಲ್ಲಿ ಇದ್ದದ್ದು ಒಪ್ಪಿಸುವ ಮಾತು ಮಾತ್ರ.

ನೆನಪಿನಿಂದ ಹೇಳುವುದಾದರೆ ಒಟ್ಟು ವೆಚ್ಚ ಮೂವತ್ತೆಂಟು ಲಕ್ಷದ ಆಸುಪಾಸು. ಡೆವಲಪರ್ ಮಾಡಿಸಿದ ಕೆಲಸದ ಬೆಲೆ ಇಪ್ಪತ್ತೊಂದು ಲಕ್ಷವಾದೀತು. ಪಕ್ಕದ ಬಡಾವಣೆಯವರು ಕಾಂಪೌಂಡು ಗೋಡೆ ಮತ್ತು ಚರಂಡಿಗೆ ನಾಲ್ಕು ಲಕ್ಷದಷ್ಟು ಕೆಲಸ ಮಾಡಿಸಿದರು. ಉಳಿದದ್ದು ಸದಸ್ಯರದು ಮತ್ತು ಪ್ರದರ್ಶನಗಳ ಟಿಕೆಟ್ಟಿನದು.

ಅತಿ ದೊಡ್ಡ ಎಡವಟ್ಟು ಚಾವಣಿಯದು. ಕರಾರಿನಲ್ಲಿ "ಚಾವಣಿ" ಎಂದಷ್ಟೇ ಬರೆದಿದ್ದೆವು, ಅವರು ತಗಡಿನ ಶೀಟು ಹೊದಿಸಿದರು. ಮೊದಲ ಜೋರು ಮಳೆಗೆ ಎದುರು ನಿಂತವರ ಮಾತೇ ಕೇಳಿಸಲಿಲ್ಲ, ನಮ್ಮ ಪುಟ್ಟ ಚರ್ಮವಾದ್ಯ ದುಡಿಯ ಸದ್ದಂತೂ ಪೂರ್ತಿ ಮುಳುಗಿಹೋಯಿತು. ಶೀಟಿನ ಕೆಳಗೆ ಕಾಫಿ ಹೊಟ್ಟಿನ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿ ನೋಡಿದೆವು. ಸದ್ದು ಅರ್ಧಕ್ಕಿಳಿಯಿತು, ಆದರೆ ಆಗಸ್ಟ್ ಮುಗಿಯುವಷ್ಟರಲ್ಲಿ ಹೊಟ್ಟಿಗೆ ಬೂಷ್ಟು ಹಿಡಿದು ಇಲಿಗಳು ಸೇರಿಕೊಂಡವು. ಕೊನೆಗೆ ಶೀಟು ಇಳಿಸಿ, ಮಂಗಳೂರು ಹೆಂಚು ಹೊದಿಸಿ, ಒಳಗೆ ಹಲಗೆಯ ಸೀಲಿಂಗ್ ಹಾಕಿಸಲು ನಮ್ಮ ಜೇಬಿನಿಂದಲೇ ಮೂರೂವರೆ ಲಕ್ಷ ಹೋಯಿತು. ನೀವು ಹೆಂಚು, ಸೀಲಿಂಗ್, ನೆಲ, ಪ್ರತಿಯೊಂದನ್ನೂ ಹೆಸರಿಟ್ಟು ಬರೆಸಿಕೊಳ್ಳಿ.

ವಾದ್ಯಗಳಿಗೆ ಮಾಡಿದ ಪ್ರಯೋಗ ಮಾತ್ರ ಗೆದ್ದಿತು. ತೇವಕ್ಕೆ ದುಡಿಯ ಚರ್ಮ ಸಡಿಲವಾಗಿ ಸ್ವರ ಬೀಳುತ್ತಿತ್ತು. ಹಳೆಯ ಮರದ ಬೀರುವಿನ ಕೆಳಗಿನ ಖಾನೆಯಲ್ಲಿ ಹಳೇ ಕಾಲದ ಅರವತ್ತು ವ್ಯಾಟಿನ ಬಲ್ಬು ಉರಿಸಿ, ಮೇಲಿನ ಹಲಗೆಗಳಿಗೆ ತೂತು ಕೊರೆಸಿ, ದುಡಿಗಳನ್ನು ಅಲ್ಲಿಟ್ಟೆವು. ಈಗ ಜುಲೈನಲ್ಲೂ ದುಡಿ ತೆಗೆದ ಕೂಡಲೇ ನುಡಿಸಬಹುದು.

ಕಟ್ಟಡ ಸಿಕ್ಕ ಮೇಲೆ ಕರೆಂಟು ಬಿಲ್ಲು ಯಾರು ಕಟ್ಟಬೇಕೆಂಬ ಪ್ರಶ್ನೆ ಬರುತ್ತದೆ. ಬಡಾವಣೆಯ ನಿವಾಸಿಗಳ ಸಂಘ ಭವನ ತಮ್ಮವರಿಗಷ್ಟೇ ಇರಲಿ ಎಂದು ಪಟ್ಟು ಹಿಡಿದಿತ್ತು. ಜಾಗ ಪ್ರಾಧಿಕಾರದ್ದಾದ್ದರಿಂದ ಹಾಡಿಯ (ಬುಡಕಟ್ಟು ಜನರ ವಸತಿ) ಮಕ್ಕಳಿಗೂ ಪಟ್ಟಣದವರಿಗೂ ಬಾಗಿಲು ತೆರೆದೇ ಇರಬೇಕೆಂದು ನಾವು ಬಗ್ಗಲಿಲ್ಲ. ಅದರ ಬದಲು ನಿವಾಸಿಗಳ ಸಭೆಗೆ ತಿಂಗಳಿಗೆರಡು ಭಾನುವಾರ ಬಿಟ್ಟುಕೊಟ್ಟೆವು, ಅವರು ಬಿಲ್ಲಿನ ಮೂರನೇ ಒಂದು ಭಾಗ ಕಟ್ಟುತ್ತಿದ್ದಾರೆ.