ಗುರುವಿನ ಗುರುವನ್ನು ಹುಡುಕುತ್ತಾ

ಸ್ಫೂರ್ತಿ ಬೇಕೆನಿಸಿದಾಗ ನಾವು ಛಾಯಾಗ್ರಾಹಕರು ಮೊದಲು ಮಾಡುವ ಕೆಲಸ ಇತರ ಛಾಯಾಗ್ರಾಹಕರ ಚಿತ್ರಗಳನ್ನು ಮೊಬೈಲ್‌ನಲ್ಲಿ ಸರಸರನೆ ಸರಿಸುತ್ತಾ ಹೋಗುವುದು. ಅದರಿಂದ ಸಿಗುವುದು ಹೆಚ್ಚೆಂದರೆ ಒಂದು ವಿಷಯ, ಒಂದು ಜಾಗ, ಒಂದು ಬಣ್ಣದ ಹದ. ಅವು ಈಗಾಗಲೇ ಇನ್ನೊಬ್ಬರು ಬಳಸಿ ಮುಗಿಸಿದವು. ನನ್ನ ಕೈಹಿಡಿದದ್ದು ಬೇರೆ ಪ್ರಶ್ನೆ: ಈ ಕಲಾವಿದ ಯಾರ ಚಿತ್ರಗಳನ್ನು ನೋಡುತ್ತಾ ಬೆಳೆದ?

ನಾನು ಹೊರಟದ್ದು ಅಮೆರಿಕದ ಛಾಯಾಗ್ರಾಹಕ ಸಾಲ್ ಲೈಟರ್ ಅವರಿಂದ. 1923ರಲ್ಲಿ ಹುಟ್ಟಿದ ಅವರು 1946ರಲ್ಲಿ ನ್ಯೂಯಾರ್ಕಿಗೆ ಬಂದದ್ದು ಚಿತ್ರಕಾರನಾಗಲು. ಗಂಭೀರ ಛಾಯಾಗ್ರಹಣವೆಂದರೆ ಕಪ್ಪುಬಿಳುಪು ಎಂದೇ ನಂಬಿದ್ದ ಕಾಲದಲ್ಲಿ ತಮ್ಮ ಮನೆಯ ಸುತ್ತಲಿನ ಬೀದಿಗಳನ್ನು ಬಣ್ಣದ ಸ್ಲೈಡ್ ಫಿಲ್ಮಿನಲ್ಲಿ ಹಿಡಿಯುತ್ತಿದ್ದರು. ಅವರ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ಮಂಜು ಹಿಡಿದ ಗಾಜು ಮತ್ತು ಕೆಂಪು ಕೊಡೆ. ಹಾಗಾಗಿ ಗಾಜು, ಕೊಡೆ, ಮಳೆ ಮೂರರ ಚಿತ್ರವನ್ನೂ ನಾನು ತೆಗೆಯಕೂಡದು ಎಂದು ಮೊದಲೇ ನಿರ್ಬಂಧ ಹಾಕಿಕೊಂಡೆ. ಅವನ್ನು ತೆಗೆದುಹಾಕಿದ ಮೇಲೂ ಅವರಲ್ಲಿ ಏನು ಉಳಿಯುತ್ತದೆ ಎಂಬುದು ನನ್ನ ಕುತೂಹಲ.

ಉಳಿದದ್ದನ್ನು ಕಂಡುಕೊಳ್ಳಲು ಅವರ ಚಿತ್ರಗಳನ್ನು ಒಂದೊಂದಾಗಿ ಬೆಂಕಿಪೆಟ್ಟಿಗೆಯ ಗಾತ್ರದಲ್ಲಿ ಪೆನ್ಸಿಲಿನಿಂದ ಗೀಚಿದೆ. ಕಪ್ಪು, ಬೂದು, ಬಿಳಿ: ಮೂರೇ ಛಾಯೆ. ಚಿತ್ರಕಲೆ ಬಾರದಿದ್ದರೂ ಇದು ನಡೆಯುತ್ತದೆ. ಬಾರದಿದ್ದರೆ ಇನ್ನೂ ಒಳ್ಳೆಯದು, ಕಣ್ಣು ಮೂಗು ತಿದ್ದುತ್ತಾ ಕೂರುವ ಆಸೆ ಹುಟ್ಟುವುದಿಲ್ಲ. ಸುಮಾರು 1957ರ ಒಂದು ಚಿತ್ರದಲ್ಲಿ ಮೇಲೂ ಕೆಳಗೂ ಕಪ್ಪು ಹಲಗೆಗಳಿವೆ, ನಡುವಿನ ಕಿರಿದಾದ ಸೀಳಿನಲ್ಲಿ ಮಾತ್ರ ಬೀದಿ ಕಾಣುತ್ತದೆ. ನೋಡುವಾಗ ನನ್ನ ಕಣ್ಣು ನೇರ ಬೀದಿಗೇ ಹೋಗಿತ್ತು. ಗೀಚುವಾಗ ಪೆನ್ಸಿಲ್ ಸವೆದದ್ದೆಲ್ಲ ಹಲಗೆಗಳ ಮೇಲೆ. ಚೌಕಟ್ಟಿನ ಬಹುಪಾಲನ್ನು ಏನೂ ನಡೆಯದ ಕತ್ತಲೆಗೆ ಬಿಟ್ಟುಕೊಡುವ ಧೈರ್ಯ ಎಲ್ಲಿಂದ ಬಂತು? ಚೌಕಟ್ಟನ್ನು ಅಡ್ಡಲಾಗಿಯೂ ಉದ್ದಕ್ಕೂ ಮೂರು ಪಾಲು ಮಾಡಿ, ಆ ಗೆರೆಗಳ ಮೇಲೆ ಮುಖ್ಯ ವಸ್ತುವನ್ನಿಡಬೇಕೆನ್ನುವ ಮೂರನೇ ಒಂದು ಭಾಗದ ನಿಯಮವನ್ನು ಎಷ್ಟು ಎಳೆದಾಡಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ.

ಲೈಟರ್ ಮೆಚ್ಚಿಕೊಂಡಿದ್ದ ಚಿತ್ರಕಾರರಲ್ಲಿ ಒಬ್ಬರು ಫ್ರಾನ್ಸಿನ ಪಿಯರ್ ಬೊನಾರ್ (1867–1947). ಆದ್ದರಿಂದ ಮುಂದಿನ ಓದು ಅವರದು. ಬೊನಾರ್ ಎದುರಿಗೆ ವಸ್ತುವನ್ನಿಟ್ಟುಕೊಂಡು ಬಣ್ಣ ಹಚ್ಚುತ್ತಿರಲಿಲ್ಲ. ಜೇಬಿನ ದಿನಚರಿಯಲ್ಲಿ ಪುಟ್ಟ ಪೆನ್ಸಿಲ್ ಗೀಚುಗಳನ್ನೂ ಅಂದಿನ ಹವೆಯನ್ನೂ ಗುರುತು ಹಾಕಿಕೊಂಡು, ಆಮೇಲೆ ನೆನಪಿನಿಂದ ಚಿತ್ರಿಸುತ್ತಿದ್ದರು. ಕ್ಯಾಮೆರಾ ಹಿಡಿದವನಿಗೆ ಈ ಭಾಗ್ಯವಿಲ್ಲ, ನೆನಪಿನಿಂದ ಶಟರ್ ಒತ್ತಲಾಗದು. ನಾನು ಅವರಿಂದ ಪಡೆದದ್ದು ಅಂಚುಗಳ ಪಾಠ. ಅವರ ಕೋಣೆಗಳಲ್ಲಿ ಮೇಜು, ಬಟ್ಟೆ, ಬೆಳಕು ಮಧ್ಯದಲ್ಲಿರುತ್ತವೆ. ಮನುಷ್ಯರು ಅರ್ಧ ಕತ್ತರಿಸಿಹೋಗಿ ಬದಿಯಲ್ಲೆಲ್ಲೋ ಇರುತ್ತಾರೆ. ಅವರು ಅಲ್ಲಿದ್ದಾರೆಂದು ನಮಗೆ ತಡವಾಗಿ ಗೊತ್ತಾಗುತ್ತದೆ.

ಇದನ್ನು ನಾನು ಮನೆಯೊಳಗಿನ ಚಿತ್ರಗಳಲ್ಲಿ ಪ್ರಯತ್ನಿಸಿದೆ. ವ್ಯಕ್ತಿಯನ್ನು ಚೌಕಟ್ಟಿನ ಅಂಚಿಗೆ ತಳ್ಳಿ ನಡುವನ್ನು ಖಾಲಿ ಬಿಡುವುದು ಹೇಳಿದಷ್ಟು ಸುಲಭವಲ್ಲ. ಅಗಲ ನೋಟ ಹಿಡಿಯುವ ವೈಡ್ ಆಂಗಲ್ ಲೆನ್ಸಿನಲ್ಲಿ ಅಂಚಿನ ಮುಖ ಎಳೆದಂತೆ ಉದ್ದವಾಗುತ್ತದೆ. ಆದ್ದರಿಂದ ಅಷ್ಟು ಅಗಲ ನೋಡದ, 50 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ನಾಭಿದೂರದ ಲೆನ್ಸ್ ಬೇಕಾಯಿತು, ಹಿಂದೆ ಸರಿಯಲು ಜಾಗವೂ ಬೇಕಾಯಿತು. ಮುಖ ಗುರುತಿಸುವ ಫೋಕಸನ್ನು ಬಂದ್ ಮಾಡಿದೆ, ಇಲ್ಲದಿದ್ದರೆ ಕ್ಯಾಮೆರಾ ಪ್ರತಿಸಲವೂ ಅಂಚಿನ ಮನುಷ್ಯನನ್ನೇ ಹುಡುಕಿ ಹಿಡಿಯುತ್ತಿತ್ತು. ಮುಖ್ಯ ಯಾವುದು ಎಂಬ ತೀರ್ಮಾನವನ್ನು ಯಂತ್ರ ನಮ್ಮ ಪರವಾಗಿ ಎಷ್ಟು ಸಲೀಸಾಗಿ ಮಾಡಿಬಿಡುತ್ತದೆ ಎಂಬುದು ಹೀಗೆ ಅದರೊಡನೆ ಜಗಳವಾಡಿದಾಗಲೇ ತಿಳಿಯುವುದು.

ಬೊನಾರ್ ಹಿಂದೆ ಯಾರು? 1890ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಜಪಾನೀ ಮರದಚ್ಚು ಚಿತ್ರಗಳ ದೊಡ್ಡ ಪ್ರದರ್ಶನವನ್ನು ಅವರು ನೋಡಿದ್ದರು. ಆ ಅಚ್ಚುಗಳ ಹುಚ್ಚಿಗಾಗಿ ಗೆಳೆಯರು ಅವರಿಗೆ ಅಡ್ಡಹೆಸರನ್ನೂ ಇಟ್ಟಿದ್ದರು. ಹೀಗೆ ನಾನು ಅಂಥ ಅಚ್ಚುಗಳ ಜಪಾನೀ ಕಲಾವಿದ ಉತಾಗವಾ ಹಿರೋಶಿಗೆಯವರಲ್ಲಿಗೆ ಬಂದೆ. ಎದೋ (ಇಂದಿನ ಟೋಕಿಯೊ) ನಗರದ ನೋಟಗಳ ಅವರ ಕೊನೆಗಾಲದ ಸರಣಿಯಲ್ಲಿ, 1857ರ ಒಂದು ಅಚ್ಚಿದೆ: ಕಣ್ಣಿಗೆ ತಾಗುವಷ್ಟು ಹತ್ತಿರದಲ್ಲಿ ಪ್ಲಮ್ ಮರದ ದಪ್ಪ ಕೊಂಬೆ ಇಡೀ ಚಿತ್ರವನ್ನು ಅಡ್ಡಗಟ್ಟಿದೆ, ಅದರ ಸಂದಿಯಿಂದ ದೂರದ ತೋಟದಲ್ಲಿ ಚಿಕ್ಕ ಚಿಕ್ಕ ಜನ. ಲೈಟರ್ ಅವರ ಕಪ್ಪು ಹಲಗೆಗಳ ಪೂರ್ವಜ ನನಗೆ ಕಂಡದ್ದು ಈ ಕೊಂಬೆಯಲ್ಲಿ. (ಇದೇ ಅಚ್ಚನ್ನು ವಾನ್ ಗಾಗ್ 1887ರಲ್ಲಿ ತೈಲವರ್ಣದಲ್ಲಿ ನಕಲು ಮಾಡಿದರು. ನಕಲು ಎಂದರೆ ನಾಚುವವರು ಗಮನಿಸಬೇಕು.)

ನಾನು ಅತಿ ಹೆಚ್ಚು ಕಾಲ ನಿಂತದ್ದು ಇಲ್ಲಿ. ಹಿರೋಶಿಗೆಯವರ ಕೊಂಬೆಯೂ ಸ್ಪಷ್ಟ, ದೂರದ ಜನರೂ ಸ್ಪಷ್ಟ; ಅಚ್ಚು ಕೆತ್ತುವ ಮರಕ್ಕೆ ಫೋಕಸ್ ಎಂಬುದೇ ಇಲ್ಲ. ಲೆನ್ಸಿಗೆ ಅದು ಸಾಧ್ಯವೇ ಎಂದು ಲೆಕ್ಕ ಹಾಕಿದೆ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 28 ಮಿ.ಮೀ. ವೈಡ್ ಲೆನ್ಸ್, ಅದರ ಬೆಳಕಿನ ಕಿಂಡಿ ಕಿರಿದಾಗಿ ಎಫ್/11, ಫೋಕಸ್ ಸುಮಾರು 2.4 ಮೀಟರಿನಲ್ಲಿಟ್ಟರೆ 1.2 ಮೀಟರಿನಿಂದ ಅನಂತದವರೆಗೆ ಸ್ಪಷ್ಟ. ಕೊಂಬೆ ಕಣ್ಣಿಗೆ ತಾಗಬೇಕಾದರೆ ಒಂದಡಿ ದೂರದಲ್ಲಿರಬೇಕು, ಅಲ್ಲಿ ಅದು ಮಸುಕು. ಲೈಟರ್ ಮಾಡಿದ್ದೇನೆಂಬುದು ಆಗ ಅರ್ಥವಾಯಿತು. ಅವರು ಮಸುಕನ್ನು ಒಪ್ಪಿಕೊಂಡರು, ದೂರದ್ದನ್ನು ಹತ್ತಿರಕ್ಕೆಳೆಯುವ ಉದ್ದದ ಲೆನ್ಸ್ ಹಾಕಿ ಅದನ್ನೇ ಬಣ್ಣದ ಪಟ್ಟಿಯಾಗಿಸಿದರು. ಉಪಾಯ ಹಳೆಯದು, ಉಪಕರಣದ ಮಿತಿ ಅದಕ್ಕೆ ಹೊಸ ರೂಪ ಕೊಟ್ಟಿತು. ಈಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಕಲಾವಿದರ ಹೆಸರಿನ ಕೆಳಗೆ ಎರಡು ಸಾಲು: ಯಾರನ್ನು ನೋಡಿದರು, ಅವರ ಉಪಕರಣಕ್ಕೆ ಯಾವುದು ಆಗುತ್ತಿರಲಿಲ್ಲ.

ಇನ್ನೊಂದು ಸಣ್ಣ ಅಭ್ಯಾಸವೂ ಅಂಟಿಕೊಂಡಿತು. ಹಿರೋಶಿಗೆಯವರ ಆ ಅಚ್ಚುಗಳು ಸುಮಾರು 36 ಸೆಂ.ಮೀ. ಎತ್ತರ, 24 ಸೆಂ.ಮೀ. ಅಗಲ, ಕೈಯಲ್ಲಿ ಹಿಡಿದು ನೋಡುವ ಗಾತ್ರ. ಮೊಬೈಲಿನಲ್ಲಿ ಗೋಡೆಯಷ್ಟು ದೊಡ್ಡ ಕ್ಯಾನ್ವಾಸೂ ಕೈಯಲ್ಲಿ ಹಿಡಿಯುವ ಅಚ್ಚೂ ಒಂದೇ ಗಾತ್ರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಸಂಗ್ರಹದ ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಚಿತ್ರಗಳನ್ನು 2017ರಿಂದ ಉಚಿತವಾಗಿ ಬಳಕೆಗೆ ಬಿಟ್ಟಿದೆ. ಅಂಥವನ್ನು ಮೂಲದ ಗಾತ್ರದಲ್ಲೇ ಮುದ್ರಿಸಿ, ಪಕ್ಕದಲ್ಲಿ ನನ್ನ ಚಿತ್ರವನ್ನೂ ಅದೇ ಗಾತ್ರದಲ್ಲಿಟ್ಟು ನೋಡುತ್ತೇನೆ. ನನ್ನ ಹಲವು ಚಿತ್ರಗಳು ಈ ಪರೀಕ್ಷೆಯಲ್ಲಿ ಅಲ್ಲೇ ಬಿದ್ದುಹೋಗುತ್ತವೆ.

ಸದ್ಯ ಓದುತ್ತಿರುವುದು ಜೆಕ್ ಛಾಯಾಗ್ರಾಹಕ ಯೋಸೆಫ್ ಸುದೆಕ್ ಅವರನ್ನು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡೂ ಭಾರದ ಕ್ಯಾಮೆರಾ ಹೊತ್ತು ತಿರುಗಿದವರು, ತಮ್ಮ ಸ್ಟುಡಿಯೊದ ಒಂದೇ ಕಿಟಕಿಯ ಚಿತ್ರಗಳನ್ನು ವರ್ಷಗಟ್ಟಲೆ ತೆಗೆದವರು. ಅವರ ಹಿಂದಿನವರನ್ನು ಹುಡುಕಿ ಹೊರಟರೆ ಸಿಗುವುದು ಯಾನಾಚೆಕ್, ಜೆಕ್ ಸಂಗೀತ ರಚನಕಾರ. ಗೆಳೆಯರನ್ನು ಕರೆದು ಗ್ರಾಮಫೋನ್ ಕೇಳಿಸುತ್ತಿದ್ದ ಸುದೆಕ್, ಯಾನಾಚೆಕ್ ಹುಟ್ಟಿದ ಊರಿಗೂ ಹೋಗಿ ಚಿತ್ರ ತೆಗೆದರು. ಸಂಗೀತವನ್ನು ಬೆಂಕಿಪೆಟ್ಟಿಗೆಯ ಗಾತ್ರದಲ್ಲಿ ಮೂರು ಛಾಯೆಗಳಲ್ಲಿ ಗೀಚುವುದು ಹೇಗೆಂದು ನನಗಿನ್ನೂ ಹೊಳೆದಿಲ್ಲ. ಸದ್ಯಕ್ಕೆ ಅವರ ಕಿಟಕಿಯ ಚಿತ್ರಗಳನ್ನು ಮುಂದಿಟ್ಟುಕೊಂಡು ಆ ಸಂಗೀತ ಕೇಳುತ್ತಿದ್ದೇನೆ.