ನರವನ್ನು ಎಳೆಯಬೇಡಿ, ಜಾರಿಸಿ

ನಾನು ಟೈಲರ್. ಬ್ಲೌಸ್ ಕೆಲಸವೇ ಜಾಸ್ತಿ. ಮಷಿನ್ ಮುಂದೆ ತಲೆ ಬಗ್ಗಿಸಿದರೆ ಮತ್ತೆ ಎತ್ತುವುದು ಊಟಕ್ಕೇ. ಬಲ ಭುಜದಲ್ಲಿ ಶುರುವಾದ ನೋವು ತೋಳಿನ ಹಿಂಬದಿಗೆ ಇಳಿದು, ನಡುಬೆರಳು ಜೋಮು ಹಿಡಿಯಿತು. ಕೈಯನ್ನು ತಲೆ ಮೇಲಿಟ್ಟುಕೊಂಡರೆ ಮಾತ್ರ ಆರಾಮ. ಇಷ್ಟು ಕೇಳಿದ್ದೇ ಫಿಸಿಯೋಥೆರಪಿಸ್ಟ್ ಭುಜ ಬಿಟ್ಟು ಕುತ್ತಿಗೆ ನೋಡಿದರು. ಕುತ್ತಿಗೆಯಿಂದ 8 ಜೊತೆ ನರಗಳು ಹೊರಡುತ್ತವೆ. ಸಾಮಾನ್ಯವಾಗಿ ಹೆಬ್ಬೆರಳಿಗೆ 6ನೆಯದು, ನಡುಬೆರಳಿಗೆ 7ನೆಯದು, ಕಿರುಬೆರಳಿಗೆ 8ನೆಯದು. ನನಗೆ ಕುತ್ತಿಗೆಯಲ್ಲಿ ಒತ್ತಿಕೊಂಡಿದ್ದು 7ನೆಯದು. ಭುಜಕ್ಕೆ ಎಷ್ಟು ಎಣ್ಣೆ ತಿಕ್ಕಿದರೇನು!

ಮೊದಲು ಹೇಳಿಕೊಟ್ಟಿದ್ದು ಗದ್ದ ಹಿಂದಕ್ಕೆ ತಳ್ಳುವುದು. ನೆಟ್ಟಗೆ ಕೂತು, ಎದುರಿಗೆ ನೋಡುತ್ತಾ, ತಲೆ ಬಗ್ಗಿಸದೆ ಗದ್ದವನ್ನು ಹಿಂದಕ್ಕೆ ಸರಿಸಿ 5 ಸೆಕೆಂಡ್ ಹಿಡಿಯಬೇಕು. ಹೀಗೆ 10 ಸಲ. ಬಾಬಿನ್ ಬದಲಿಸುವಾಗಲೆಲ್ಲ ಮಾಡುತ್ತೇನೆ, ಮರೆಯುವುದಿಲ್ಲ. ಮಾಡುತ್ತಾ ಹೋದಂತೆ ಬೆರಳಿನ ಜೋಮು ಕಮ್ಮಿಯಾಗಿ ಕುತ್ತಿಗೆ ನೋವು ಸ್ವಲ್ಪ ಏರಿತು. ಗಾಬರಿಯಾಯಿತು. "ಒಳ್ಳೇದೇ, ನೋವು ಬೆರಳಿನಿಂದ ಮೇಲಕ್ಕೆ ಹೋಗಬೇಕು, ಕೆಳಕ್ಕೆ ಇಳಿಯಬಾರದು" ಅಂದರು.

ಎರಡನೆಯದು ನರ ಜಾರಿಸುವುದು. ನರ ಪೈಜಾಮದ ಲಾಡಿ ಇದ್ದ ಹಾಗೆ, ಒಳಗೆ ಸಲೀಸಾಗಿ ಓಡಾಡಬೇಕು. ಸಿಕ್ಕಿಕೊಂಡಾಗ ಜಗ್ಗಿದರೆ ಬಟ್ಟೆಯೇ ಮುದುಡುತ್ತದೆ, ಅಲ್ವಾ? ತೋಳು ಪಕ್ಕಕ್ಕೆ ಚಾಚಿ, ಅಂಗೈ ಮೇಲೆ ಮಾಡಿ, ಮೊಣಕೈ ಬಿಡಿಸುತ್ತಾ ಬೆರಳುಗಳನ್ನು ನೆಲದ ಕಡೆ ಬಾಗಿಸುತ್ತೇನೆ. ಅದೇ ಹೊತ್ತಿಗೆ ತಲೆ ಅದೇ ಕೈ ಕಡೆ ವಾಲುತ್ತದೆ. ಮೊಣಕೈ ಮಡಚುವಾಗ ತಲೆ ಆಚೆ ಕಡೆಗೆ. ಹಿಡಿದು ನಿಲ್ಲಿಸುವಂತಿಲ್ಲ. ಚುರುಗುಟ್ಟಿದರೆ ಚಾಚುವುದನ್ನು ಕಮ್ಮಿ ಮಾಡುತ್ತೇನೆ.

ಕೈಗೆ ಜೋಮು ಇಳಿಯುವುದು ನಿಂತ ಮೇಲೆಯೇ ಕುತ್ತಿಗೆ ಪಕ್ಕದ ಸ್ಟ್ರೆಚ್, ರಬ್ಬರ್ ಬ್ಯಾಂಡ್ ಎಳೆದು ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನು ಹತ್ತಿರ ತರುವ ವ್ಯಾಯಾಮ ಶುರು ಮಾಡಿದೆ. ಕಟಿಂಗ್ ಶಾಪಿನಲ್ಲಿ ಕುತ್ತಿಗೆ ನೆಟಿಗೆ ತೆಗೆಸು ಅಂದವರೂ ಇದ್ದರು. ಆ ಸಹವಾಸವೇ ಬೇಡ.

ಕೈ ಬಲ ಕುಗ್ಗುತ್ತಿದ್ದರೆ, ಹಿಡಿದ ವಸ್ತು ಜಾರಿ ಬೀಳುತ್ತಿದ್ದರೆ, ನಡಿಗೆ ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮ ಮಾಡುತ್ತಾ ಕೂರಬೇಡಿ. ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಈಗಲೂ ಮದುವೆ ಸೀಸನ್ನಿನಲ್ಲಿ ನಡುಬೆರಳು ಒಂದಿಷ್ಟು ಜುಮ್ಮೆನ್ನುತ್ತದೆ. ಆಗ ಹೆಮ್ಮಿಂಗ್ ಬೇರೆಯವರಿಗೆ ಕೊಟ್ಟು, ನಾನು ನಿಂತುಕೊಂಡು ಕಟಿಂಗ್ ಮಾಡುತ್ತೇನೆ. ಟೇಬಲ್ಲನ್ನು ಎತ್ತರ ಮಾಡಿಸಿದ್ದೇನೆ.