ಹಣ ಕಳಿಸುವ ಮೊದಲು ತಳ ತೋರಿಸಿ ಅಂತ ಕೇಳಿ

ನನ್ನ ಮೇಜಿನ ಖಾನೆಯಲ್ಲಿ ಒಂದು ಕೆಂಪು ಆಟಿಕೆ ಕಾರಿದೆ. ಹಾಟ್ ವೀಲ್ಸ್ ಕಾರುಗಳಲ್ಲೇ ಅಪರೂಪದ ಸೂಪರ್ ಟ್ರೆಷರ್ ಹಂಟ್ ಅಂತ ನಂಬಿ ಕೊಂಡದ್ದು. ಮೂರು ವರ್ಷದಿಂದ ಆ ಮಾದರಿಯನ್ನು ಹುಡುಕುತ್ತಿದ್ದೆ. ಮಾರುವವರು ನಾಲ್ಕು ಫೋಟೋ ಕಳಿಸಿದ್ದರು. ನಾಲ್ಕೂ ಮುಂದಿನಿಂದ ಮತ್ತು ಪಕ್ಕದಿಂದ ತೆಗೆದವು. ಬಣ್ಣ ಹೊಳೆಯುತ್ತಿತ್ತು, ರಬ್ಬರ್ ಟಯರು ಕಾಣುತ್ತಿತ್ತು, ಟ್ರೆಷರ್ ಹಂಟ್ ಅನ್ನುವ ‘ಟಿಎಚ್’ ಗುರುತೂ ಇತ್ತು. ಆ ರಾತ್ರಿಯೇ ಹಣ ಕಳಿಸಿಬಿಟ್ಟೆ. ಪಾರ್ಸೆಲ್ ಬಂತು, ಕಾರನ್ನು ಮಗುಚಿ ನೋಡಿದೆ, ಎದೆ ಧಸಕ್ಕೆಂದಿತು. ತಳವನ್ನು ಕಾರಿನ ಮೈಗೆ ಬಿಗಿದಿಡುವ ಲೋಹದ ರಿವೆಟ್ಟನ್ನು ಯಾರೋ ಕೊರೆದು ತೆಗೆದಿದ್ದರು. ಸುತ್ತಲೂ ಅಂಟು ಒಣಗಿ ಬೆಳ್ಳಗಾಗಿತ್ತು.

ಅವತ್ತಿನಿಂದ ನಾನು ಯಾವ ಆಟಿಕೆಯ ಮುಖವನ್ನೂ ಮೊದಲು ನೋಡುವುದಿಲ್ಲ. ನಕಲಿ ಮಾಡುವವರು ಎಲ್ಲರ ಕಣ್ಣು ಬೀಳುವ ಕಡೆ ಶ್ರಮ ಹಾಕುತ್ತಾರೆ. ತಳ, ಬೆನ್ನು, ಪಾದ, ಡಬ್ಬಿಯ ಅಡಿಭಾಗ, ಇಲ್ಲೆಲ್ಲ ಅವಸರದ ಕೆಲಸ ಕಾಣುತ್ತದೆ. ಕೊಂಡದ್ದನ್ನು ಮತ್ತೆ ಮಾರುವ ರೀಸೆಲ್ಲರ್‌ಗಳಿಂದ ಕೊಳ್ಳುವಾಗ ಅಲ್ಲಿಂದಲೇ ಶುರು ಮಾಡಿ.

ನನಗೆ ಚೆನ್ನಾಗಿ ಗೊತ್ತಿರುವುದು ಕಾರುಗಳು, ಹಾಗಾಗಿ ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ಶುರು ಮಾಡಿದ್ದು 1968ರಲ್ಲಿ. ಟ್ರೆಷರ್ ಹಂಟ್ ಸರಣಿ ಬಂದದ್ದು 1995ರಲ್ಲಿ. 2007ರಿಂದ ಇದರಲ್ಲೇ ಎರಡು ತರಹ ಆಯಿತು, ಮಾಮೂಲಿ ಮತ್ತು ಸೂಪರ್. ಸೂಪರ್‌ಗೆ ರಿಯಲ್ ರೈಡರ್ಸ್ ಅನ್ನುವ ರಬ್ಬರ್ ಟಯರು, ಸ್ಪೆಕ್ಟ್ರಾಫ್ಲೇಮ್ ಅನ್ನುವ ಬಣ್ಣ. ಬೆಲೆಯ ಅಂತರ ಬಹಳ ದೊಡ್ಡದು, ಹಾಗಾಗಿ ಮೋಸಕ್ಕೂ ಇಲ್ಲೇ ಜಾಗ. ಮಾಮೂಲಿ ಕಾರಿನ ರಿವೆಟ್ ಕೊರೆದು ಬಿಚ್ಚುತ್ತಾರೆ. ಬೇರೆ ಕಾರಿನ ರಬ್ಬರ್ ಟಯರು ಹಾಕುತ್ತಾರೆ. ಬಣ್ಣ ಹೊಡೆದು, ಸಣ್ಣ ಸ್ಟಿಕ್ಕರ್ ಅಂಟಿಸಿ, ಮತ್ತೆ ಮುಚ್ಚುತ್ತಾರೆ.

ಇದನ್ನು ಹಿಡಿಯುವುದು ಹೇಗೆ? ಮೊದಲು ರಿವೆಟ್. ಕಾರ್ಖಾನೆಯಲ್ಲಿ ಒತ್ತಿದ ರಿವೆಟ್ಟಿನ ತಲೆ ಅಣಬೆಯ ಹಾಗೆ ಹರಡಿಕೊಂಡಿರುತ್ತದೆ, ಅಂಚು ನಯವಾಗಿರುತ್ತದೆ. ಕೊರೆದದ್ದಾದರೆ ನಡುವೆ ಗುಳಿ, ಹೊಸ ಲೋಹದ ಹೊಳಪು, ಇಲ್ಲವೇ ಸ್ಕ್ರೂ ಕಾಣುತ್ತದೆ. ಎರಡನೆಯದು ತಳದ ಕೋಡ್. ಸುಮಾರು 2008ರಿಂದ ಈಚಿನ ಕಾರುಗಳ ತಳದಲ್ಲಿ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡಂಕಿಯ ಸಂಖ್ಯೆ ಇರುತ್ತದೆ. ಅಕ್ಷರ ತಯಾರಾದ ವರ್ಷಕ್ಕೆ, ಸಂಖ್ಯೆ ಆ ವರ್ಷದ ವಾರಕ್ಕೆ. ನನ್ನ ಕೆಂಪು ಕಾರಿನ ಕೋಡ್ ಏನು ಹೇಳಿತು ಗೊತ್ತಾ? ಆ ಸೂಪರ್ ಮಾರುಕಟ್ಟೆಗೆ ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಆ ಕಾರು ತಯಾರಾಗಿತ್ತು! ಹಣ ಕಳಿಸುವ ಮೊದಲು ತಳದ ಒಂದು ಫೋಟೋ ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಬಣ್ಣವನ್ನೂ ನೋಡಿ. ಸ್ಪೆಕ್ಟ್ರಾಫ್ಲೇಮ್ ಅಂದರೆ ಹೊಳಪು ಕೊಟ್ಟ ಲೋಹದ ಮೇಲೆ ಹಚ್ಚುವ ಪಾರದರ್ಶಕ ಬಣ್ಣ. ಬೆಳಕಿನಲ್ಲಿ ಓರೆಯಾಗಿ ಹಿಡಿದರೆ ಒಳಗಿನಿಂದ ಹೊಳೆದ ಹಾಗೆ ಕಾಣುತ್ತದೆ. ಮೇಲಿಂದ ಸ್ಪ್ರೇ ಹೊಡೆದದ್ದು ಮೇಲೇ ಹೊಳೆಯುತ್ತದೆ, ಆಳ ಇರುವುದಿಲ್ಲ. ಫೋಟೋದಲ್ಲಿ ಇದು ಸರಿಯಾಗಿ ತಿಳಿಯದು. ಅದಕ್ಕೇ ಹತ್ತು ಸೆಕೆಂಡಿನ ವಿಡಿಯೋ ಕೇಳಿ, ಕಾರನ್ನು ಬೆಳಕಿನ ಕೆಳಗೆ ನಿಧಾನವಾಗಿ ತಿರುಗಿಸಲು ಹೇಳಿ.

ಪ್ಯಾಕ್ ಬಿಚ್ಚದ ಕಾರಾದರೆ ಭಯವಿಲ್ಲ ಅಂದುಕೊಳ್ಳಬೇಡಿ. ಪ್ಲಾಸ್ಟಿಕ್ ಬ್ಲಿಸ್ಟರನ್ನು ಬ್ಲೇಡಿನಿಂದ ಎಬ್ಬಿಸಿ, ಕಾರು ಬದಲಿಸಿ, ಮತ್ತೆ ಅಂಟಿಸುವವರಿದ್ದಾರೆ. ಬ್ಲಿಸ್ಟರಿನ ಅಂಚು ನಾಲ್ಕೂ ಕಡೆ ಒಂದೇ ಸಮ ಕೂತಿದೆಯಾ, ಕಾರ್ಡಿನ ಕಾಗದದ ಎಳೆ ಎಲ್ಲಾದರೂ ಎದ್ದಿದೆಯಾ, ಅಂಟು ಹೊಳೆಯುತ್ತಿದೆಯಾ ನೋಡಿ. ಈಚಿನ ವರ್ಷಗಳ ಸೂಪರ್ ಆದರೆ ಕಾರಿನ ಹಿಂದೆ, ಕಾರ್ಡಿನ ಮೇಲೆ, ಚಿನ್ನದ ಬಣ್ಣದ ಜ್ವಾಲೆಯ ಗುರುತು ಇರಬೇಕು. ಮಾಮೂಲಿ ಟ್ರೆಷರ್ ಹಂಟ್‌ಗೆ ಅದು ಬೆಳ್ಳಿ ಬಣ್ಣದ್ದು.

ಇನ್ನು ಲಬೂಬು, ಹಲ್ಲು ಕಿರಿದು ನಗುವ ರೋಮದ ಬೊಂಬೆ. ಕಾಸಿಂಗ್ ಲುಂಗ್ ಅನ್ನುವ ಕಲಾವಿದರು 2015ರಲ್ಲಿ ರೂಪಿಸಿದ ಪಾತ್ರ ಇದು. 2019ರಿಂದ ಪಾಪ್ ಮಾರ್ಟ್ ಅನ್ನುವ ಚೀನಾದ ಆಟಿಕೆ ಕಂಪನಿ ಇದನ್ನು ತಯಾರಿಸಿ ಮಾರುತ್ತಿದೆ. ಡೂಪ್ಲಿಕೇಟ್‌ಗಳು ಎಷ್ಟಿವೆ ಅಂದರೆ ಅವಕ್ಕೇ ‘ಲಫೂಫೂ’ ಅನ್ನುವ ಹೆಸರು ಬಿದ್ದಿದೆ. ಎಲ್ಲರೂ ಹೇಳುವ ಪರೀಕ್ಷೆ ಹಲ್ಲಿನದು, ಒರಿಜಿನಲ್‌ಗೆ ಒಂಬತ್ತು ಹಲ್ಲು. ಎಣಿಸಿ, ಒಳ್ಳೆಯದೇ. ಒಂಬತ್ತು ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಒಂಬತ್ತು ಇದ್ದ ಮಾತ್ರಕ್ಕೆ ಅದು ಅಸಲಿ ಅಲ್ಲ, ಈಗ ನಕಲಿ ಮಾಡುವವರೂ ಎಣಿಸಲು ಕಲಿತಿದ್ದಾರೆ. ಪಾದ ತಿರುಗಿಸಿ, ಕಂಪನಿಯ ಹೆಸರು ಚೊಕ್ಕವಾಗಿ ಮೂಡಿದೆಯಾ ನೋಡಿ. ಹೊಸ ಸರಣಿಗಳಲ್ಲಿ ಯುವಿ ಟಾರ್ಚ್ ಹಿಡಿದರೆ ಪಾದದ ಮೇಲೆ ಒಂದು ಗುಪ್ತ ಮುದ್ರೆ ಕಾಣುತ್ತದೆ. ಬೆನ್ನಿನ ಹೊಲಿಗೆ, ಮುಖದ ಅಂಚಿನಲ್ಲಿ ಅಂಟು ಇವನ್ನೂ ಗಮನಿಸಿ.

ಅಸಲಿಯಾ ಅಂತ ನೋಡಲು ಡಬ್ಬಿಯ ಮೇಲಿರುವ ಕ್ಯೂಆರ್ ಕೋಡಿನ ವಿಚಾರದಲ್ಲಿ ತುಂಬಾ ಜನ ಎಡವುತ್ತಾರೆ. ಸ್ಕ್ಯಾನ್ ಮಾಡಿದ ಕೂಡಲೇ ‘ಇದು ಅಸಲಿ’ ಅಂತ ಪುಟ ತೆರೆದರೆ ಸಮಾಧಾನ ಆಗಿಬಿಡುತ್ತದೆ. ಆದರೆ ಆ ಪುಟವನ್ನೇ ನಕಲಿ ಮಾಡಬಹುದಲ್ವಾ? ಪುಟ ಏನು ಹೇಳುತ್ತದೆ ಅನ್ನುವುದಕ್ಕಿಂತ ಮೇಲಿನ ವಿಳಾಸ ಕಂಪನಿಯದೇ ಹೌದಾ, ಒಂದು ಅಕ್ಷರ ಹೆಚ್ಚು ಕಡಿಮೆ ಇದೆಯಾ ಅನ್ನುವುದನ್ನು ಓದಿ. ಕೋಡ್ ಮೇಲಿನ ಪದರವನ್ನು ಮೊದಲೇ ಕೆರೆದಿದ್ದರೆ, ಅದನ್ನು ಎಷ್ಟು ಸಲ ಪರಿಶೀಲಿಸಿದ್ದಾರೆ, ಯಾರು ಪರಿಶೀಲಿಸಿದ್ದಾರೆ ಅಂತ ಮಾರುವವರನ್ನೇ ಕೇಳಿ.

ಇದು ಬರೀ ಸಂಗ್ರಹದ ಮಾತಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ನಕಲಿ ಲಬೂಬು ಬಗ್ಗೆ ತುರ್ತು ಎಚ್ಚರಿಕೆ ಕೊಟ್ಟಿತು. ಬಿಡಿಭಾಗಗಳು ಸುಲಭವಾಗಿ ಕಿತ್ತುಬರುತ್ತವೆ, ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತ. ಅಕ್ಕನ ಮಗಳಿಗೆ ಯಾರೋ ಕೊಟ್ಟಿದ್ದ ಒಂದು ಬೊಂಬೆಯ ಕಣ್ಣು ನನ್ನ ಬೆರಳು ತಗುಲಿದ್ದಕ್ಕೇ ಕಳಚಿ ಬಂದಿತ್ತು. ಅವಳಿಗೆ ಆಗ ಮೂರು ವರ್ಷ. ಆ ಸಣ್ಣ ಕರಿ ಗುಂಡನ್ನು ಅಂಗೈಯಲ್ಲಿ ಹಿಡಿದು ನಿಂತದ್ದು ನನಗೆ ಈಗಲೂ ನೆನಪಿದೆ. ಮನೆಯಲ್ಲಿ ಮಗು ಇದ್ದರೆ ‘ಡೂಪ್ಲಿಕೇಟ್ ಆದರೇನು, ಆಡಲಿಕ್ಕೆ ತಾನೇ’ ಅನ್ನಬೇಡಿ.

ಲೆಗೋ ವಿಷಯ ಸ್ವಲ್ಪ ಸುಲಭ. ಇಟ್ಟಿಗೆಯ ಪ್ರತಿ ಗುಬುಟಿನ ಮೇಲೂ ಕಂಪನಿಯ ಹೆಸರು ಅಚ್ಚಾಗಿರುತ್ತದೆ, ಮಿನಿಫಿಗರ್ ಅನ್ನುವ ಪುಟ್ಟ ಬೊಂಬೆಯಾದರೆ ತಲೆ ಕಿತ್ತು ಕತ್ತಿನ ಗುಬುಟು ನೋಡಿ. 2003ರ ಸ್ಟಾರ್ ವಾರ್ಸ್ ಕ್ಲೌಡ್ ಸಿಟಿ ಸೆಟ್ಟಿನ ಬೋಬಾ ಫೆಟ್‌ನಂಥ ದುಬಾರಿ ಫಿಗರ್‌ಗಳಲ್ಲಿ ಮಾತ್ರ ಇಷ್ಟು ಸಾಲದು. ಅದರ ಕೈಕಾಲುಗಳ ಮೇಲೂ ಚಿತ್ರ ಇರುತ್ತದೆ, ಒರಿಜಿನಲ್ ಭಾಗಗಳ ಮೇಲೇ ಆ ಚಿತ್ರವನ್ನು ಹೊಸದಾಗಿ ಮುದ್ರಿಸುವವರೂ ಇದ್ದಾರೆ. ಸೀಲ್ ಇರುವ ಡಬ್ಬಿಯಾದರೆ ಸೀಲಿನ ಹತ್ತಿರದ ಫೋಟೋ ಕೇಳಿ. ಲೆಗೋ ನಕಲು ಮಾಡುತ್ತಿದ್ದ ಲೆಪಿನ್ ಮೇಲೆ 2019ರಲ್ಲಿ ಚೀನಾದ ಪೊಲೀಸರು ದಾಳಿ ಮಾಡಿದರು. ಮರುವರ್ಷ ಅದರ ಮುಖ್ಯಸ್ಥನಿಗೆ ಆರು ವರ್ಷ ಜೈಲಾಯಿತು. ಆಗ ಮಾರಾಟವಾದ ಸೆಟ್ಟುಗಳು ಎಲ್ಲಿಗೂ ಹೋಗಿಲ್ಲ, ಹಳೆಯ ಇಟ್ಟಿಗೆಗಳ ರಾಶಿಯಲ್ಲಿ ಬೆರೆತು ಮಾರಾಟಕ್ಕೆ ಬರುತ್ತವೆ.

ಫಂಕೋ ಪಾಪ್ ಅನ್ನುವ ದೊಡ್ಡ ತಲೆಯ ಬೊಂಬೆ ಕೊಳ್ಳುವವರು ಡಬ್ಬಿಯ ಅಡಿಯ ಕೋಡ್ ಮತ್ತು ಬೊಂಬೆಯ ಪಾದ ಅಥವಾ ಕತ್ತಿನ ಕೋಡ್ ಹೊಂದುತ್ತವಾ ನೋಡಿ. ಜಪಾನಿನ ಅನಿಮೆ ಕಾರ್ಟೂನುಗಳ ಪಾತ್ರದ ಫಿಗರ್‌ಗಳಲ್ಲಿ ‘ಮೇಡ್ ಇನ್ ಚೈನಾ’ ಅಂತ ಕಂಡ ಕೂಡಲೇ ನಕಲಿ ಅನ್ನಬೇಡಿ, ಒರಿಜಿನಲ್‌ಗಳೂ ಬಹುಪಾಲು ಅಲ್ಲೇ ತಯಾರಾಗುತ್ತವೆ. ಕಣ್ಣಿನ ಗೆರೆ, ಕೂದಲಿನ ತುದಿ, ಚರ್ಮದ ಜಿಡ್ಡಿನ ಹೊಳಪು ಹೆಚ್ಚು ನಿಜ ಹೇಳುತ್ತವೆ.

ಹಳೆಯ ಆಟಿಕೆಗಳಲ್ಲಿ ಮಾರುವವರಿಗೇ ಗೊತ್ತಿಲ್ಲದೆ ತಪ್ಪಾಗುವುದೂ ಉಂಟು. ಬಾರ್ಬಿಯ ಸೊಂಟದ ಹಿಂದೆ 1966 ಅಂತ ಇದ್ದರೆ ಅದು ಬೊಂಬೆಯ ವಿನ್ಯಾಸದ ಹಕ್ಕಿನ ವರ್ಷ, ತಯಾರಾದ ವರ್ಷ ಅಲ್ಲ. ಎಷ್ಟೋ ವರ್ಷ ಆಮೇಲೆ ಬಂದ ಬೊಂಬೆಗಳಲ್ಲೂ ಅದೇ ಇದೆ. ಕೆನ್ನರ್ ಕಂಪನಿಯ ಹಳೆಯ ಸ್ಟಾರ್ ವಾರ್ಸ್ ಬೊಂಬೆ ಅಸಲಿಯೇ ಇರಬಹುದು, ಕೈಯಲ್ಲಿರುವ ಬಂದೂಕು ಹೊಸ ನಕಲು ಆಗಿರಬಹುದು. ಬೊಂಬೆಗೂ ಬಿಡಿ ಸಾಮಾನಿಗೂ ಬೇರೆ ಬೇರೆಯಾಗಿ ಪ್ರಶ್ನೆ ಕೇಳಿ.

ಮಾರುವವರ ಹತ್ತಿರ ನಾನು ಕೇಳುವುದು ಯಾವಾಗಲೂ ಒಂದೇ. ನನ್ನ ಹೆಸರು, ಇವತ್ತಿನ ತಾರೀಕು ಒಂದು ಚೀಟಿಯಲ್ಲಿ ಬರೆದು, ಆಟಿಕೆಯ ಪಕ್ಕ ಇಟ್ಟು, ತಳದ ಫೋಟೋ ಕಳಿಸಿ ಅನ್ನುತ್ತೇನೆ. ಎಲ್ಲಿಂದಲೋ ಎತ್ತಿದ ಫೋಟೋ ಇಟ್ಟುಕೊಂಡವರಿಗೆ ಇದು ಆಗದ ಕೆಲಸ. ಒಳ್ಳೆಯ ಮಾರಾಟಗಾರರು ಬೇಜಾರು ಮಾಡಿಕೊಳ್ಳುವುದಿಲ್ಲ, ಕೇಳಿದ್ದಕ್ಕೆ ಇನ್ನೂ ಎರಡು ಫೋಟೋ ಜಾಸ್ತಿಯೇ ಕಳಿಸುತ್ತಾರೆ. ‘ಇನ್ನಿಬ್ಬರು ಕಾಯುತ್ತಿದ್ದಾರೆ, ಬೇಗ ಹೇಳಿ’ ಅಂತ ಅವಸರ ಮಾಡಿದರೆ ನಾನು ಆ ಇಬ್ಬರಿಗೇ ಕೊಡಿ ಅನ್ನುತ್ತೇನೆ. ಬೇರೆಲ್ಲರೂ ಹೇಳುವ ದರದ ಅರ್ಧಕ್ಕೆ ಸಿಗುತ್ತಿದ್ದರೂ ಅಷ್ಟೇ.

ಹಣವನ್ನು ಖರೀದಿದಾರರಿಗೆ ರಕ್ಷಣೆ ಇರುವ ದಾರಿಯಲ್ಲೇ ಕಳಿಸಿ. ಪೇಪಾಲ್‌ನಲ್ಲಿ ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿ’ ಆಯ್ಕೆಯಿಂದ ಕಳಿಸಿದರೆ ಆ ರಕ್ಷಣೆ ಸಿಗುವುದಿಲ್ಲ. ಪಾರ್ಸೆಲ್ ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ವಿಡಿಯೋ ಮಾಡಿ, ವಿಳಾಸದ ಚೀಟಿಯೂ ಅದರಲ್ಲಿ ಕಾಣಲಿ. ಏನಾದರೂ ತಪ್ಪು ಕಂಡರೆ ಅವತ್ತೇ ದೂರು ಕೊಡಿ, ದಿನ ಮೀರಿದರೆ ಕೇಳುವವರಿಲ್ಲ. ನಾನು ಸಂಕೋಚಪಟ್ಟು ಎರಡು ವಾರ ಕಾದೆ, ಅಷ್ಟರಲ್ಲಿ ಆ ಮಾರಾಟಗಾರರ ಖಾತೆಯೇ ಮಾಯವಾಗಿತ್ತು.

ಕೆಂಪು ಕಾರನ್ನು ನಾನು ಮಾರಲಿಲ್ಲ. ‘ನಕಲಿ’ ಅಂತ ಹೇಳಿಯೇ ಮಾರಿದರೂ ಮೂರನೆಯ ಕೈಗೆ ಹೋಗುವಾಗ ಆ ಮಾತು ಉದುರಿಹೋಗುತ್ತದೆ. ತಳದ ಮೇಲೆ ಸೂಜಿಯಿಂದ ‘ನಕಲಿ’ ಅಂತ ಆಳವಾಗಿ ಗೀಚಿ ಖಾನೆಯಲ್ಲಿ ಇಟ್ಟಿದ್ದೇನೆ. ಹೊಸದಾಗಿ ಸಂಗ್ರಹ ಶುರು ಮಾಡಿದವರು ಯಾರಾದರೂ ಬಂದರೆ ಅದನ್ನೂ ಒಂದು ಒರಿಜಿನಲ್ಲನ್ನೂ ಅವರ ಎರಡು ಕೈಗೆ ಕೊಟ್ಟು, ಮಗುಚಿ ನೋಡಿ ಅನ್ನುತ್ತೇನೆ.